ಆರನೇ ಮಂಚದ ಅರ್ಧ ಗಡ್ಡ

ನನ್ನ ಯಜಮಾನರು ಕ್ಷೌರಿಕರು. ಮೂವತ್ತೆರಡು ವರ್ಷ ಒಂದೇ ಅಂಗಡಿ, ಒಂದೇ ಕುರ್ಚಿ, ಒಂದೇ ಕನ್ನಡಿ. ಕನ್ನಡಿಯ ಬಲಮೂಲೆ ಒಡೆದಿತ್ತು. ಅಲ್ಲಿ ಚರ್ಚಿನ ಆರಾಧನೆಯ ವೇಳಾಪಟ್ಟಿ ಅಂಟಿಸಿದ್ದರು. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಒಗೆದ ಟವೆಲ್ಲು ಒಣಹಾಕುವ ಹಗ್ಗದ ಕೆಳಗೆ ಕೂತು ನಾವು ಊಟ ಮಾಡುತ್ತಿದ್ದೆವು. ಮಕ್ಕಳಾಗಲಿಲ್ಲ. ಇದ್ದದ್ದು ನಾವಿಬ್ಬರು, ಮತ್ತೆ ಶನಿವಾರ.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ತಗಡಿನ ಪೆಟ್ಟಿಗೆ ಹಿಡಿದು ಅವರು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿ ಮೂರನೇ ಮಹಡಿಯಲ್ಲಿ ಗಂಡಸರ ವಾರ್ಡ್ ಒಂದಿದೆ. ಬೇಗ ವಾಸಿಯಾಗದವರು, ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದವರು ಅಲ್ಲಿ ವರ್ಷಗಟ್ಟಲೆ ಮಲಗಿರುತ್ತಾರೆ. ಹದಿನಾಲ್ಕು ಮಂಚ. ಹದಿನಾಲ್ಕು ಗಡ್ಡ. ಹತ್ತೊಂಬತ್ತು ವರ್ಷ ನಮ್ಮವರು ಒಂದು ಶನಿವಾರವೂ ತಪ್ಪಿಸಲಿಲ್ಲ. ನಮ್ಮ ಅತ್ತೆ ತೀರಿಕೊಂಡದ್ದು ಶುಕ್ರವಾರ. ಮಣ್ಣು ಮಾಡಿ ಬಂದು ಕೈಕಾಲು ತೊಳೆದು ಮಾರನೆಯ ದಿನ ಪೆಟ್ಟಿಗೆ ಹಿಡಿದು ಹೊರಟರು.

ಅವರ ಕೆಲಸದ ರೀತಿಯನ್ನು ಹೇಳಬೇಕು. ಬ್ಲೇಡನ್ನು ಕಾಗದದೊಳಗೇ ಮಧ್ಯಕ್ಕೆ ಮುರಿಯುವರು. ಅರ್ಧ ಒಬ್ಬನಿಗೆ, ಅರ್ಧ ಇನ್ನೊಬ್ಬನಿಗೆ. ಬಿಸಿನೀರು, ನೊರೆ, ಆಮೇಲೆ ಕತ್ತಿ. ಒಂದು ಕೆನ್ನೆ ಪೂರ್ತಿ ಮುಗಿಸುವರು. ಮುಗಿಸಿ, ಇನ್ನೊಂದು ಕೆನ್ನೆಯ ಮೇಲೆ ಬಿಸಿ ಟವೆಲ್ಲು ಹಾಕಿ, ಸ್ಟೂಲಿನ ಮೇಲೆ ಸುಮ್ಮನೆ ಕೂರುವರು. ಪಿಟ್ಟೆನ್ನುವುದಿಲ್ಲ. ಯಾಕೆ ಹಾಗೆ ಎಂದು ಆಸ್ಪತ್ರೆಗೆ ಹೋಗತೊಡಗಿದ ಹೊಸದರಲ್ಲೇ ಕೇಳಿದ್ದೆ.

"ಅರ್ಧ ಮುಖ ಆದವನು ಎದ್ದು ಹೋಗೋ ಹಾಗಿಲ್ಲ, ನಾನೂ ಬಿಟ್ಟು ಹೋಗೋ ಹಾಗಿಲ್ಲ. ಆಗ ಮನುಷ್ಯ ನಿಜ ಮಾತಾಡ್ತಾನೆ ಕಣೇ" ಎಂದಿದ್ದರು.

ಮಂಚದವರು ಮಾತಾಡುತ್ತಿದ್ದರು. ಇವರು ಕೇಳುತ್ತಿದ್ದರು. ಕೊನೆಗೆ, ಪ್ರಾರ್ಥನೆ ಮಾಡಲೇ ಎಂದು ಒಂದೇ ಸಲ ಕೇಳುವರು. ಹೂಂ ಎಂದರೆ ಎರಡು ಮಾತಿನ ಪ್ರಾರ್ಥನೆ. ಊಹೂಂ ಎಂದರೆ ಕೈಗನ್ನಡಿ ಹಿಡಿದು ಮುಖ ತೋರಿಸುವರು. ಮನೆಗೆ ಬಂದ ಮೇಲೆ ಯಾರು ಏನು ಹೇಳಿದರು ಎಂದು ನಾನು ಎಷ್ಟು ಕೆದಕಿದರೂ ಬಾಯಿ ಬಿಡುತ್ತಿರಲಿಲ್ಲ. ಅರ್ಧ ಮುಖದಲ್ಲಿ ಆಡಿದ ಮಾತು ಆ ಮಂಚ ದಾಟಬಾರದು, ಅದು ಅವರ ಕಾನೂನು.

ಇನ್ನು ಕಾರ್ಯದರ್ಶಿ. ನಮ್ಮ ಸಭೆಯ ಕಾರ್ಯದರ್ಶಿ. ಅವನಿಗೆ 'ಅವರು' ಎಂದು ಬರೆಯಬೇಕು ಅಂತ ನನ್ನ ತಮ್ಮ ಹೇಳಿದ. ಬರೆಯುವುದಿಲ್ಲ.

ಅವನು ಯಾವುದೋ ಕಚೇರಿಯಲ್ಲಿ ಹೆಡ್ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಚೇರಿ ಅವನನ್ನು ಬಿಟ್ಟಿತು, ಅವನು ಕಚೇರಿ ಬಿಡಲಿಲ್ಲ. ಚರ್ಚಿಗೆ ರಬ್ಬರ್ ಸ್ಟ್ಯಾಂಪು ತಂದವನು ಅವನೇ. ಯಾರು ಯಾವ ಸೇವೆ ಮಾಡುತ್ತಿದ್ದರೂ ಮೂರು ತಿಂಗಳಿಗೊಮ್ಮೆ ವರದಿ ಬರೆದುಕೊಡಬೇಕು ಎಂದು ಒಂದು ಫಾರಂ ಅಚ್ಚು ಹಾಕಿಸಿದ. ಹೋದ ಜಾಗ ಯಾವುದು, ಸುವಾರ್ತೆ ಕೇಳಿದವರು ಎಷ್ಟು, ಸಭೆಗೆ ಸೇರಿದವರು ಎಷ್ಟು.

ನಮ್ಮವರು ಆ ಫಾರಂ ಮುಂದೆ ಇಟ್ಟುಕೊಂಡು ಸಂಜೆಯೆಲ್ಲ ಪೆನ್ಸಿಲು ಕಚ್ಚಿದರು. ಸುಳ್ಳು ಬರೆಯಲು ಅವರಿಗೆ ಬರದು. ಏನೋ ಒಂದು ನಂಬರು ಹಾಕಿ ಎಂದೆ ನಾನು. ದೇವರ ಮುಂದೆ ಏನೋ ಒಂದು ಹಾಕೋದು ಹೇಗೆ ಎಂದರು. ಕೊನೆಗೆ ಹಿಂದಿನ ಶನಿವಾರ ಮಾಡಿದ್ದನ್ನೇ ಬರೆದರು. ಗಡ್ಡ ಹದಿನಾಲ್ಕು. ತಲೆ ಎರಡು. ಉಗುರು ಮೂವರದ್ದು. ಸುವಾರ್ತೆ ಕೇಳಿದವರು: ಅವರು ಹೇಳಿದರು, ನಾನು ಕೇಳಿದೆ. ಸಭೆಗೆ ಸೇರಿದವರು: ಇಲ್ಲ, ಅವರಿಗೆ ಮೆಟ್ಟಿಲು ಇಳಿಯಲು ಆಗದು.

ವಾರ್ಷಿಕ ಕೂಟದಲ್ಲಿ ಕಾರ್ಯದರ್ಶಿ ಅದನ್ನು ಗಟ್ಟಿಯಾಗಿ ಓದಿದ. ಒಂದೊಂದು ಸಾಲಿಗೂ ನಿಲ್ಲಿಸಿ, ಕನ್ನಡಕದ ಮೇಲಿಂದ ನಮ್ಮನ್ನು ನೋಡಿ ಓದಿದ. ಓದಿ ಮುಗಿಸಿ, "ಇದು ಸೇವೆಯೋ, ಸೆಲೂನೋ?" ಎಂದ.

ಇನ್ನೂರು ಜನ ನಕ್ಕರು. ನಗು ಯಾವ ಬೆಂಚಿನಿಂದ ಶುರುವಾಯಿತು, ಯಾವ ಬೆಂಚಿನಲ್ಲಿ ಜೋರಾಯಿತು, ಯಾರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ನನಗೆ ಇನ್ನೂ ಬಾಯಿಪಾಠ. ನಮ್ಮವರೂ ನಕ್ಕರು, ಮರ್ಯಾದೆಗೆ. ನನ್ನನ್ನು ಸುಟ್ಟದ್ದು ಅದೇ.

ಮುಂದಿನ ತಿಂಗಳು ಸೇವೆಯ ಪಟ್ಟಿಯಿಂದ ಅವರ ಹೆಸರು ತೆಗೆದರು. ಚರ್ಚಿನ ಪತ್ರ ಇಲ್ಲದೆ ಆಸ್ಪತ್ರೆಯವರು ವಾರ್ಡಿಗೆ ಬಿಡುವುದಿಲ್ಲ. ಕಾವಲಿನವನು ಹತ್ತೊಂಬತ್ತು ವರ್ಷ ನಮಸ್ಕಾರ ಹೊಡೆದವನು, ತಲೆ ತಗ್ಗಿಸಿಕೊಂಡು, ನನ್ನ ಹೊಟ್ಟೆಪಾಡು ಯಜಮಾನ್ರೇ ಎಂದನಂತೆ. ಇವರು ಜಗಳವಾಡಲಿಲ್ಲ. ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆ ಬಿಚ್ಚಿದರು. ತಳ್ಳುಕುರ್ಚಿಯಲ್ಲಿ ಕೆಳಗೆ ಬರಲು ಆದವರು ನಾಲ್ವರು. ಐದು ತಿಂಗಳು ಆ ನಾಲ್ಕು ಗಡ್ಡಕ್ಕೆ ಬಿಸಿಲಿನಲ್ಲಿ ಹೋದರು. "ಮೇಲಿನವರ ಗಡ್ಡ ಕಿಟಕಿಯಿಂದಲೇ ಕಾಣ್ತಿದೆ ಕಣೇ" ಎನ್ನುತ್ತಿದ್ದರು. ಊಟ ಕಡಿಮೆ ಮಾಡಿದರು. ಒಂದು ಗುರುವಾರ ಬೆಳಿಗ್ಗೆ ಬ್ರಷ್ಷು ತೊಳೆಯುತ್ತಾ ಬಿದ್ದರು. ಡಾಕ್ಟರು ಹೃದಯ ಎಂದರು. ನಾನು ಕಾರ್ಯದರ್ಶಿ ಎಂದೆ.

ಸಮಾಧಿಯ ಹತ್ತಿರ ಅವನು ಜೇಬಿನಿಂದ ಕಾಗದ ತೆಗೆದು ಓದಿದ, ಆಸ್ಪತ್ರೆ ಸೇವೆಯ ದೀಪಸ್ತಂಭ ಎಂದು. ಈ ಸಲ ಯಾರೂ ನಗಲಿಲ್ಲ. ಕೈಯಲ್ಲಿದ್ದ ಹಿಡಿ ಮಣ್ಣನ್ನು ಎಲ್ಲಿಗೆ ಎಸೆಯಬೇಕು ಎಂದು ನಾನು ಒಂದು ಗಳಿಗೆ ಯೋಚಿಸಿದೆ. ಆವತ್ತೇ ತೀರ್ಮಾನ ಮಾಡಿದೆ. ಆ ಸೆಲೂನು ಎಂಬ ಮಾತನ್ನು ಅವನ ಬಾಯಿಂದಲೇ ವಾಪಸು ತೆಗೆಸಬೇಕು, ನಾಲ್ಕು ಜನ ಕೇಳುವ ಹಾಗೆ. ಅಲ್ಲಿಯವರೆಗೆ ನಾನು ಸಾಯುವುದಿಲ್ಲ.

ಸಭೆಯ ಪಾಸ್ಟರು ಮನೆಗೆ ಬಂದರು. ಒಳ್ಳೆಯವರು, ಆದರೆ ಬೆನ್ನುಮೂಳೆ ಮೆತ್ತಗೆ. ಸೇಡನ್ನು ದೇವರಿಗೆ ಬಿಡಮ್ಮ ಎಂದರು. ದೇವರಿಗೆ ತುಂಬ ಕೆಲಸ ಇದೆ, ಇದೊಂದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಕಾಫಿ ಕುಡಿಯದೆ ಹೋದರು.

ಸೇಡು ಹೇಗೆ ತೀರಿಸುವುದು? ಅವನನ್ನು ಹೊಡೆಯಲಾರೆ, ಕಮಿಟಿಯಲ್ಲಿ ನನ್ನ ಮಾತಿಗೆ ಕಿವಿ ಇಲ್ಲ. ಅವನು ನಿಲ್ಲಿಸಿದ್ದನ್ನು ನಡೆಸುವುದೇ ದಾರಿ ಎಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಪೆಟ್ಟಿಗೆ ತೆಗೆದೆ. ಟವೆಲ್ಲು ಒಗೆದು ಗೊತ್ತಿತ್ತು, ಕತ್ತಿ ಹಿಡಿದು ಗೊತ್ತಿರಲಿಲ್ಲ. ಬಲೂನು ಊದಿ, ಅದಕ್ಕೆ ನೊರೆ ಬಳಿದು ಕತ್ತಿ ಆಡಿಸಿದೆ. ನಮ್ಮವರೂ ಹಾಗೇ ಕಲಿತದ್ದಂತೆ. ಮೊದಲ ದಿನ ಒಂಬತ್ತು ಬಲೂನು ಒಡೆದವು. ಪಕ್ಕದ ಮನೆಯವರು ಪಾಪ, ಸಾವಿನ ಮನೆಯಲ್ಲಿ ಏನು ಹಬ್ಬ ಎಂದುಕೊಂಡರೋ. ಬಲೂನು ಒಡೆಯುವುದು ನಿಂತ ಮೇಲೆ ತಮ್ಮನನ್ನು ಕೂರಿಸಿದೆ.

"ಅಕ್ಕಾ, ನಿನ್ನ ಸಿಟ್ಟು ಕಾರ್ಯದರ್ಶಿ ಮೇಲೆ. ಇದು ನನ್ನ ಗಂಟಲು. ಮರೀಬೇಡ" ಎಂದ.

ಎರಡು ಕಡೆ ಕೊಯ್ದೆ. ಪಟಿಕ ಉಜ್ಜಿದೆ. ಬದುಕಿದ.

ಆಸ್ಪತ್ರೆಯ ಬಾಗಿಲು ಇನ್ನೊಂದು ಸಮಸ್ಯೆ. ಚರ್ಚಿನ ಪತ್ರ ನನಗೆ ಯಾರು ಕೊಡುತ್ತಾರೆ? ಆದರೆ ಶನಿವಾರ ಮಧ್ಯಾಹ್ನ ರೋಗಿಗಳ ನೆಂಟರನ್ನು ಬಿಡುತ್ತಾರೆ. ನಾನು ಯಾರ ನೆಂಟಳು ಎಂದು ವಾರ್ಡಿನ ಸಿಸ್ಟರ್ ಕೇಳಿದಳು. ಚಿಕ್ಕ ವಯಸ್ಸು, ದೊಡ್ಡ ಗಂಟಲು. ನಾನು ತಡವರಿಸುವಾಗ ಐದನೇ ಮಂಚದಿಂದ ಒಂದು ಸ್ವರ ಬಂತು.

"ನನ್ನ ತಂಗಿ ಅದು. ಬಿಡಮ್ಮ ಒಳಗೆ."

ಹಿಂದೆಂದೂ ನೋಡದ ಮನುಷ್ಯ. ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ನಿಂತವನು, ಈಗ ಎರಡು ಕಾಲೂ ಇಲ್ಲ. ನನ್ನ ಕೈಯಲ್ಲಿದ್ದ ತಗಡಿನ ಪೆಟ್ಟಿಗೆ ನೋಡಿ ನಾನು ಯಾರೆಂದು ತಿಳಿದಿದ್ದ. ತಂಗಿ ಎಂದರೆ ಅವನೊಬ್ಬನ ಗಡ್ಡ ಮಾತ್ರ ತೆಗೆಯಬಹುದು. ಅದು ಮುಗಿಯುವಷ್ಟರಲ್ಲಿ ಎಂಟನೇ ಮಂಚದವನು, ಇವಳು ನನಗೂ ಅತ್ತಿಗೆಯಾಗಬೇಕು ಎಂದ. ಹನ್ನೊಂದನೆಯವನಿಗೆ ಚಿಕ್ಕಮ್ಮನಾದೆ, ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಮಕ್ಕಳಿಲ್ಲದವಳು, ಗಂಡ ಸತ್ತವಳು, ಒಂದೇ ಮಧ್ಯಾಹ್ನದಲ್ಲಿ ಹದಿನಾಲ್ಕು ಮಂದಿಗೆ ನೆಂಟಳಾದೆ. ಸಿಸ್ಟರ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡಳು. ದೊಡ್ಡ ಸಂಸಾರ ಅಮ್ಮ ನಿಮ್ಮದು ಎಂದಳು. ನಗಲಿಲ್ಲ, ಆದರೆ ಬಿಸಿನೀರು ತಂದುಕೊಟ್ಟಳು.

ವರದಿಯನ್ನೂ ನಾನು ಬಿಡಲಿಲ್ಲ. ಪ್ರತಿ ಶನಿವಾರ ಮನೆಗೆ ಬಂದು ನಮ್ಮವರ ಹಾಗೆಯೇ ಒಂದು ಚೀಟಿಯಲ್ಲಿ ಬರೆದು ಚರ್ಚಿನ ಕಾಣಿಕೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಗಡ್ಡ ಹದಿನಾಲ್ಕು. ಸಹಿ ಇಲ್ಲ. ಆ ಪೆಟ್ಟಿಗೆ ತೆಗೆಯುವವನು ಕಾರ್ಯದರ್ಶಿಯೇ. ಅವನ ಊಟ ಕಹಿಯಾಗಲಿ ಎಂದು ಹಾಕುತ್ತಿದ್ದೆ.

ಆದರೂ ನಾಲ್ಕನೇ ತಿಂಗಳಲ್ಲಿ ಸೋತೆ. ಒಬ್ಬ ಮುದುಕರ ಗಲ್ಲ ಕೊಯ್ದು ರಕ್ತ ನಿಲ್ಲಲಿಲ್ಲ, ಸಿಸ್ಟರ್ ಬೈದಳು. ಸೊಂಟ ನೋವು, ಮೊಣಕಾಲು ನೋವು. ಬೇಕರಿಯಣ್ಣನ ಹತ್ತಿರ ನಿಜ ಹೇಳಿಬಿಟ್ಟೆ. ನಾನು ಬರುವುದು ನಿಮಗೋಸ್ಕರ ಅಲ್ಲ, ದೇವರಿಗೋಸ್ಕರವೂ ಅಲ್ಲ, ಒಬ್ಬನ ಮೇಲಿನ ಸಿಟ್ಟಿಗೆ, ಇಂಥವಳು ಪ್ರಾರ್ಥನೆ ಮಾಡಲೇ ಎಂದು ಕೇಳಬಾರದು, ಮುಂದಿನ ವಾರದಿಂದ ಬರುವುದಿಲ್ಲ ಎಂದೆ.

"ಒಲೆಗೆ ಯಾವ ಸೌದೆ ಹಾಕಿದ್ರೂ ಬ್ರೆಡ್ಡು ಬೇಯತ್ತೆ ತಂಗಿ" ಎಂದ. "ಸಿಟ್ಟಿದ್ರೆ ಸಿಟ್ಟೇ ಹಾಕು. ಒಲೆ ಆರಿಸ್ಬೇಡ. ಗಡ್ಡ ಬೆಳ್ಕೊಂಡು ಮಲಗಿದ್ರೆ ಹೆಣ ಅನ್ಸತ್ತೆ ನಮಗೆ."

ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ.

ಆಮೇಲೆ ಆರನೇ ಮಂಚದವನು ತೀರಿಕೊಂಡ. ಎರಡು ವಾರ ಮಂಚ ಖಾಲಿ ಇತ್ತು. ಮೂರನೇ ಶನಿವಾರ ಹೋದಾಗ ಅಲ್ಲಿ ಕಾರ್ಯದರ್ಶಿ ಮಲಗಿದ್ದ.

ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆ ಎಳೆದಿತ್ತು, ಮಾತು ನಿಧಾನ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು. ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಜನ ಕಡಿಮೆ. ಸ್ಟ್ಯಾಂಪು ಒತ್ತುತ್ತಿದ್ದ ಕೈ ಹೊದಿಕೆಯ ಮೇಲೆ ಕೀಳಲು ಮರೆತ ತರಕಾರಿಯ ಹಾಗೆ ಬಿದ್ದಿತ್ತು. ಗಡ್ಡ ಬೆಳೆದಿತ್ತು.

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ.

ಐದನೇ ಮಂಚ ಮುಗಿಸಿ ಏಳನೆಯದಕ್ಕೆ ಹೋದೆ. ಅವನು ನೋಡಿದ. ಆ ವಾರದ ಚೀಟಿಯಲ್ಲಿ ಗಡ್ಡ ಹದಿಮೂರು ಎಂದು ಬರೆದೆ. ಎರಡನೇ ವಾರವೂ ಐದರಿಂದ ಏಳಕ್ಕೆ. ಮೂರನೇ ವಾರವೂ. ಬೇಕರಿಯಣ್ಣ ನೋಡುತ್ತಿದ್ದ. ಕಾರ್ಯದರ್ಶಿಯ ಪಕ್ಕದಲ್ಲಿ ದಿನವೆಲ್ಲ ಮಲಗುವವನು, ನನ್ನ ಸಿಟ್ಟು ಯಾರ ಮೇಲೆಂದು ಅವನಿಗೆ ಗೊತ್ತಾಗಿಯೇ ಇರುತ್ತದೆ.

ನಾಲ್ಕನೇ ವಾರ ಕಾರ್ಯದರ್ಶಿ ಎಡಗೈಯಲ್ಲಿ ತನ್ನ ಗಡ್ಡ ಮುಟ್ಟಿ ತೋರಿಸಿದ. ಕೇಳಲಿಲ್ಲ, ತೋರಿಸಿದ. ಸ್ಟೂಲು ಎಳೆದು ಕೂತೆ. ನೊರೆ ಹಚ್ಚಿದೆ. ಬ್ಲೇಡು ಮುರಿದು ಅರ್ಧ ಹಾಕಿದೆ. ಗಂಟಲಿಗೆ ಕತ್ತಿ ಇಟ್ಟಾಗ ಕಣ್ಣು ಮುಚ್ಚಿದ. ಗಂಟಲ ಮಣಿ ಮೇಲೆ ಕೆಳಗೆ ಓಡುತ್ತಿತ್ತು. ಯಾರ ಗಂಟಲಲ್ಲೂ ಸ್ವಲ್ಪ ನಡುಗುತ್ತಿದ್ದ ನನ್ನ ಕೈ ಆವತ್ತು ನಡುಗಲಿಲ್ಲ. ನನಗೆ ನನ್ನ ಮೇಲೇ ಹೆದರಿಕೆಯಾಯಿತು.

ಎಡಗೆನ್ನೆ ಮುಗಿಯಿತು. ನುಣ್ಣಗೆ. ಬಲಗಡೆಯ ನೊರೆಯನ್ನು ಟವೆಲ್ಲಿನಿಂದ ಒರೆಸಿದೆ, ಕತ್ತಿ ಒರೆಸಿದೆ, ನಮ್ಮವರು ಬರೆದಿಟ್ಟುಕೊಂಡಿದ್ದ ಆ ಹಳೇ ಫಾರಮ್ಮಿನ ನಕಲು ಪೆಟ್ಟಿಗೆಯಿಂದ ತೆಗೆದು ಅವನ ಎದೆಯ ಮೇಲಿಟ್ಟೆ.

"ಆವತ್ತು ಓದಿದ್ರಲ್ಲ, ಇವತ್ತು ಇಲ್ಲಿ ಓದಿ. ಇವರ ಮುಂದೆ. ಓದಿ, ಆಡಿದ ಮಾತು ವಾಪಸು ತಗೊಳ್ಳಿ. ಆಮೇಲೆ ಉಳಿದರ್ಧ."

ಕಾಗದ ನೋಡಿದ. ನನ್ನನ್ನು ನೋಡಿದ. "ಓ... ದಲ್ಲ" ಎಂದ.

"ಹಾಗಾದ್ರೆ ಹೀಗೇ ಇರಿ."

ಪೆಟ್ಟಿಗೆ ಮುಚ್ಚಿ ಬಂದೆ. ಚೀಟಿಯಲ್ಲಿ ಗಡ್ಡ ಹದಿಮೂರೂವರೆ ಎಂದು ಬರೆದೆ. ಎಷ್ಟೋ ತಿಂಗಳ ಮೇಲೆ ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಮಾರನೆಯ ದಿನ ಭಾನುವಾರ. ಆರಾಧನೆ ಮುಗಿಸಿ ಪಾಸ್ಟರು, ಕಮಿಟಿಯವರು ಎಲ್ಲ ಸೇರಿ ಅವನನ್ನು ನೋಡಲು ಆಸ್ಪತ್ರೆಗೆ ಹೋಗುತ್ತಾರೆ ಎಂದು ತಮ್ಮ ಬಂದು ಹೇಳಿದ. ಅವನು ಒಂದು ಮಾತು ಹೇಳಿದರೆ ಸಾಕು. ಪತ್ರವಿಲ್ಲದ ಹೆಂಗಸು, ಸುಳ್ಳು ನೆಂಟಸ್ತಿಕೆ, ಕೈಯಲ್ಲಿ ಕತ್ತಿ, ರೋಗಿಗೆ ಅವಮಾನ. ಗೇಟು ಮತ್ತೆ ಮುಚ್ಚುತ್ತದೆ. ನನಗೆ ಮಾತ್ರವಲ್ಲ. ಹದಿಮೂರು ಮಂದಿ ಮತ್ತೆ ಗಡ್ಡ ಬೆಳೆಸಿಕೊಂಡು ಹೆಣದ ಹಾಗೆ ಮಲಗಬೇಕು. ಅವನು ಒಂದು ಸಲ ಮಾಡಿದ್ದನ್ನು ಎರಡನೇ ಸಲ ನಾನೇ ಮಾಡಿದ ಹಾಗಾಯಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಆ ವಾರ ನಿದ್ದೆ ಸರಿಯಾಗಲಿಲ್ಲ. ಆದರೂ ಶನಿವಾರ ಪೆಟ್ಟಿಗೆ ಹಿಡಿದು ಹೊರಟೆ. ಗೇಟಿನಿಂದ ಓಡಿಸಿದರೆ ಕಲ್ಲುಬೆಂಚು ಇದೆ, ಅವರು ಕೂತ ಬೆಂಚು. ಕಾವಲಿನವನು ತಡೆಯಲಿಲ್ಲ. ಮೂರನೇ ಮಹಡಿಯಲ್ಲಿ ಸಿಸ್ಟರ್ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಕಮಿಟಿಯವರು ಬಂದು ಮಂಚದ ಸುತ್ತ ನಿಂತರಂತೆ. ಅರ್ಧ ಗಡ್ಡ ನೋಡಿ ಒಬ್ಬ ಕೆಮ್ಮಿದನಂತೆ, ಇನ್ನೊಬ್ಬ ಕಿಟಕಿಯ ಕಡೆ ತಿರುಗಿದನಂತೆ, ಭುಜ ಕುಣಿಯುತ್ತಿತ್ತಂತೆ. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿದಳಂತೆ. ಯಾರೆಂದು ನನಗೆ ಗೊತ್ತು. ಅವನು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಾ ಮಲಗಿದ್ದನಂತೆ. ಯಾರು ಮಾಡಿದ್ದು ಇದನ್ನ ಎಂದು ಪಾಸ್ಟರು ಕೇಳಿದರಂತೆ.

"ಏನಂದ?" ಎಂದೆ.

"'ಅರ್ಧ ಆಗಿದೆ, ಶನಿವಾರ ಬರ್ತಾಳೆ' ಅಂದ್ರು. 'ಯಾರು' ಅಂದ್ರೆ, 'ನಮ್ಮ ಸಭೆಯವಳು, ಆಸ್ಪತ್ರೆ ಸೇವೆ' ಅಂದ್ರು. ಅಷ್ಟೇ ಅಮ್ಮ. ಆಮೇಲೆ ಗೋಡೆ ಕಡೆ ತಿರುಗಿಬಿಟ್ರು."

ಅಷ್ಟಕ್ಕೆ ಕರಗುವವಳಲ್ಲ ನಾನು. ಕಮಿಟಿಯ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಆ ದಿನ ಮೊದಲು ಆರನೇ ಮಂಚಕ್ಕೇ ಹೋದೆ. ಏನೂ ಹೇಳುವ ಮುಂಚೆ ಅವನೇ ದಿಂಬಿನ ಕೆಳಗಿಂದ ಆ ಕಾಗದ ಎಳೆದ. ವಾರವೆಲ್ಲ ಅಲ್ಲೇ ಇಟ್ಟುಕೊಂಡಿದ್ದ. ಕನ್ನಡಕ ಹಾಕು ಎಂದು ಸನ್ನೆ ಮಾಡಿದ. ಹಾಕಿದೆ.

ಓದಿದ. ಒಂದೊಂದು ಅಕ್ಷರವನ್ನೂ ಕಲ್ಲು ಹೊತ್ತ ಹಾಗೆ ಹೊತ್ತು ಓದಿದ. ಗಡ್ಡ ಹದಿನಾಲ್ಕು. ತಲೆ ಎರಡು. ಉಗುರು ಮೂವರದ್ದು.

"ಆ ಮೂವರಲ್ಲಿ ಒಬ್ಬ ನಾನು" ಎಂದ ಎಂಟನೇ ಮಂಚದವನು.

ಅವರು ಹೇಳಿದರು, ನಾನು ಕೇಳಿದೆ ಎಂಬ ಸಾಲಿಗೆ ಬಂದಾಗ ಹನ್ನೊಂದನೇ ಮಂಚದವನು ಮುಖಕ್ಕೆ ಹೊದಿಕೆ ಎಳೆದುಕೊಂಡ. ಇನ್ನೂರು ಜನ ನಕ್ಕ ಅದೇ ಸಾಲುಗಳು. ಇಲ್ಲಿ ಯಾರಿಗೂ ನಗು ಬರಲಿಲ್ಲ.

ಓದಿ ಮುಗಿಸಿ ಕಾಗದ ಎದೆಯ ಮೇಲೆ ಇಟ್ಟುಕೊಂಡ. "ಆವತ್ತು... ನಗಿಸಿದೆ. ಇದರಲ್ಲಿ ನಗೋಂಥದ್ದು... ಏನಿತ್ತು... ಹುಡುಕ್ತಾ ಇದೀನಿ. ಸಿಗ್ತಿಲ್ಲ" ಎಂದ. ಸ್ವಲ್ಪ ಉಸಿರು ತೆಗೆದುಕೊಂಡ. "ಸೇವೆ. ಸೆಲೂನ್ ಅಲ್ಲ."

ಸರಿ ಎಂದೆ. ಒಂದು ವರ್ಷ ಈ ಗಳಿಗೆಗೆ ಕಾದಿದ್ದೆ, ಬಂದಾಗ ಬರೀ ಸರಿ ಎಂದೆ.

ನೊರೆ ಹಚ್ಚಲು ಹೋದರೆ, ವಾರದ ಹಿಂದೆ ನುಣ್ಣಗೆ ಮಾಡಿದ ಎಡಗೆನ್ನೆಯಲ್ಲಿ ಮತ್ತೆ ಗಡ್ಡ ಬೆಳೆದಿತ್ತು. ಅರ್ಧಕ್ಕೆ ಬಿಟ್ಟು ಕಾಯುವುದರ ಫಜೀತಿ ಇದು. ಮೊದಲಿನಿಂದ ಎಲ್ಲ ಮತ್ತೆ ಮಾಡಬೇಕು. ಎಡಗೆನ್ನೆ ಮುಗಿಸಿದೆ. ಬಲಗೆನ್ನೆಗೆ ಬಿಸಿ ಟವೆಲ್ಲು ಹಾಕಿದೆ. ಹಾಕಿ, ಸ್ಟೂಲಿನ ಮೇಲೆ ಕೂತೆ. ಅಲ್ಲಿಯವರೆಗೆ ಯಾವ ಮಂಚದ ಹತ್ತಿರವೂ ನಾನು ಹಾಗೆ ಕೂತಿರಲಿಲ್ಲ. ಕತ್ತಿ ಆಡಿಸಿ ಮುಗಿಸಿ ಮುಂದೆ ಹೋಗುತ್ತಿದ್ದೆ. ಕೂರುವುದು ನಮ್ಮವರ ಕೆಲಸ, ನನ್ನದು ಬರೀ ಗಡ್ಡ ಎಂದುಕೊಂಡಿದ್ದೆ.

ಅವನು ಮಾತಾಡಿದ. ತುಂಬ ಹೊತ್ತು. ಏನು ಹೇಳಿದ ಎಂದು ಬರೆಯುವುದಿಲ್ಲ. ಅರ್ಧ ಮುಖದಲ್ಲಿ ಆಡಿದ ಮಾತು ಮಂಚ ದಾಟಬಾರದು. ಪ್ರಾರ್ಥನೆ ಮಾಡಲೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೈಗನ್ನಡಿ ಹಿಡಿದು ಮುಖ ತೋರಿಸಿದೆ. ಕನ್ನಡಿಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ ಅವನೇ ಕಣ್ಣು ಮುಚ್ಚಿದ. ಎರಡು ಮಾತು ಅವನೇ ಹೇಳಿದ. ನಾನು ಆಮೆನ್ ಎಂದೆ, ಗಟ್ಟಿಯಾಗಿ ಅಲ್ಲ.

ಆ ದಿನದ ಚೀಟಿ: ಗಡ್ಡ ಹದಿನಾಲ್ಕು. ಉಗುರು ಒಬ್ಬನದು, ಎಡಗೈ, ಬಲಗೈ ಎರಡೂ.

ಈಗ ಚರ್ಚಿನಿಂದ ಪತ್ರ ಬಂದಿದೆ, ಸ್ಟ್ಯಾಂಪು ಸಮೇತ, ನನ್ನ ಹೆಸರಿಗೆ. ಪೆಟ್ಟಿಗೆಯಲ್ಲಿ ಟವೆಲ್ಲಿನ ಕೆಳಗೆ ಹಾಕಿಟ್ಟಿದ್ದೇನೆ. ಸಿಸ್ಟರ್ ಕೇಳಿದರೆ ಇಂದಿಗೂ ನೆಂಟಳು ಎಂದೇ ಹೇಳುತ್ತೇನೆ. ಚರ್ಚಿನ ಪುಸ್ತಕಕ್ಕೆ ನಮ್ಮವರ ಜೀವನದ ಬಗ್ಗೆ ಎರಡು ಮಾತು ಬರೆದುಕೊಡಿ ಎಂದು ಪಾಸ್ಟರು ಕೇಳಿದರು. ಎರಡು ಮಾತಿನಲ್ಲಿ ಮುಗಿಯಲಿಲ್ಲ. ಇದನ್ನೇ ಹಾಕಲಿ, ಒಂದಕ್ಷರ ತಿದ್ದಕೂಡದು. ನಾನು ಕ್ಷಮಿಸಿದೆ ಎಂದು ಅವರು ಬೋಧನೆಯಲ್ಲಿ ಹೇಳಿಕೊಂಡು ಬರುತ್ತಿದ್ದಾರಂತೆ. ಹಾಗೇನಿಲ್ಲ.

ಆವತ್ತು ನಕ್ಕವರು ಇನ್ನೂರು ಮಂದಿ. ಒಬ್ಬನದು ಮುಗಿಯಿತು. ಉಳಿದವರಿಗೂ ವಯಸ್ಸಾಗುತ್ತದೆ, ಅವರಿಗೂ ಯಾವುದೋ ಒಂದು ಮಂಚ ಕಾದಿರುತ್ತದೆ. ಬರಲಿ. ಗಂಡಸರಿಗೆ ಕತ್ತಿ ಇದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡವಳಿಗೆ ತಲೆ ಬಾಚುವುದನ್ನೂ ಕಲಿತುಕೊಂಡಿದ್ದೇನೆ. ಶನಿವಾರ ಶನಿವಾರ ನಾನು ಅಲ್ಲೇ ಇರುತ್ತೇನೆ.